ಗುಂಡಿ ಡಬ್ಬಿ

ಮೊದಲು ಎದ್ದದ್ದು ಲಾಡಿ ಕಟ್ಟುವಲ್ಲಿ,
ಸೊಂಟದ ಸುತ್ತ ಒಂದು ಕೆಂಪು ಪೈಪಿಂಗು.
ಆಮೇಲೆ ಕತ್ತರಿ ಹಿಡಿವ ಅಂಗೈಯಲ್ಲಿ,
ಪೆಡಲು ತುಳಿವ ಅಂಗಾಲಲ್ಲಿ,
ಒಂದು ಬೆಳಿಗ್ಗೆ ತುಟಿಯಲ್ಲಿ:
ಕನ್ನಡಿಯೊಳಗೆ ಯಾರದೋ ಬಾಯಿ.

ಪಿತ್ತಗಂಧೆ, ಎಂದರು ಅತ್ತೆ.
ಕರಿಕಂಬಳಿ ಹಾಸಿ, ಉರುಳು ಎಂದರು.
ಉರುಳಿದೆ. ಇನ್ನಷ್ಟು ಎದ್ದವು.
ಮುರುಗಲು ನೆನೆಸಿದ ನೀರು ಕುಡಿದೆ.
ರುಚಿಯಾಗಿತ್ತು, ಅಷ್ಟೆ.

ಸಾಗರದ ಪೇಟೆಯಲ್ಲಿ ಅಳತೆ ಕೊಡಲು ಬಂದವರೆಲ್ಲ
ಕೈಯೆತ್ತಿ ನಿಂತು ಕೇಳಿದ್ದು ಇದನ್ನೇ:
ಏನು ತಿಂದೆ ಹೂವಮ್ಮ, ಏನು ತಿಂದೆ.
ತಪ್ಪು ನನ್ನ ಬಾಯಿಯದೇ ಎಂದು ನಾನೂ ನಂಬಿ
ಬದನೆ ಬಿಟ್ಟೆ, ಸೀಗಡಿ ಬಿಟ್ಟೆ, ಏಡಿ, ಕಳಲೆ, ಶೇಂಗಾ.
ತಂಗಿಯ ಮದುವೆಯಲ್ಲಿ
ಮಜ್ಜಿಗೆ ಅನ್ನ ಉಂಡು ಎದ್ದೆ.
ಏಳು ವರ್ಷ.
ಗಂಧೆ ಮಾತ್ರ ಏನನ್ನೂ ಬಿಡಲಿಲ್ಲ.

ಶಿವಮೊಗ್ಗದ ದೊಡ್ಡಾಸ್ಪತ್ರೆ, ಚರ್ಮದ ವಿಭಾಗ,
ಟೋಕನ್ನು ಅರವತ್ತೊಂದು.
ಡಾಕ್ಟರ್ ನಿಖತ್ ಪೆನ್ನಿನ ಮುಚ್ಚಳದಿಂದ
ಮುಂಗೈ ಮೇಲೊಂದು ಗೆರೆ ಎಳೆದು
ಗಡಿಯಾರ ನೋಡುತ್ತ ಕೂತರು.
ಸೀಮೆಸುಣ್ಣವಿಲ್ಲದ ಗೆರೆ ನಿಧಾನ ಕೆಂಪಾಗಿ, ಉಬ್ಬಿ,
ಮಡಚಿ ಹೊಲಿದ ಅಂಚಿನ ಹಾಗೆ ಎದ್ದು ನಿಂತಿತು.
ಬಟ್ಟೆಯ ಮೇಲೆ ನಾನು ಉಗುರಲ್ಲಿ ಗೀರುವುದೂ ಹೀಗೇ.
ಬಟ್ಟೆಗೆ ಏನನ್ನಿಸೀತು ಎಂದು
ಅವತ್ತೇ ಮೊದಲು ಯೋಚಿಸಿದ್ದು.

ತೋಳಿನ ಮೇಲಿದ್ದ ಇನ್ನೊಂದು ಗಂಧೆಯ ಸುತ್ತ
ನೀಲಿ ಇಂಕಿನ ಸುತ್ತು ಬರೆದು, ನಾಳೆ ತೋರಿಸು ಎಂದರು.
ರಾತ್ರಿ ಚಿಕ್ಕಮ್ಮನ ಮನೆಯಲ್ಲಿ
ದೀಪ ಹಾಕಿ ಹಾಕಿ ನೋಡಿದೆ.
ಬೆಳಿಗ್ಗೆ ಸುತ್ತು ಇತ್ತು. ಒಳಗೆ ಯಾರೂ ಇರಲಿಲ್ಲ.
ಕಲೆ ಉಳಿಸದೆ ಹೋಯಿತಲ್ಲ,
ಒಳ್ಳೆಯ ಸುದ್ದಿ, ಎಂದರು ಡಾಕ್ಟರು.

ಚರ್ಮದಡಿ ಕಾವಲಿನ ಜೀವಕೋಶಗಳಂತೆ, ಮಾಸ್ಟ್ ಸೆಲ್ಲು ಅಂತ ಹೆಸರು,
ಹೊಟ್ಟೆ ತುಂಬ ಸಣ್ಣ ಸಣ್ಣ ಕಾಳು.
ನನಗೆ ಕಂಡದ್ದು ನನ್ನ ಗುಂಡಿ ಡಬ್ಬಿ:
ಬಿಸ್ಕತ್ತಿನ ಹಳೆ ಟಿನ್ನು, ಮುಚ್ಚಳ ಸಡಿಲ,
ಮೊಣಕೈ ತಾಗಿದರೆ ಸಾಕು, ನೆಲದ ತುಂಬ ಗುಂಡಿ.
ಕಳ್ಳ ಬಂದನೋ ಬೆಕ್ಕು ಬಂತೋ
ಡಬ್ಬಿಗೆ ತಿಳಿಯುವುದಿಲ್ಲ.

ಯಾಕೆ ಹೀಗೆ, ಎಂದೆ.
ಗೊತ್ತಿಲ್ಲ, ಎಂದರು.
ಅಷ್ಟು ಓದಿದವರ ಬಾಯಲ್ಲಿ ಆ ಮಾತು
ಹೆಗಲ ಮೇಲಿಂದ ಯಾರೋ ಕೈ ತೆಗೆದ ಹಾಗಿತ್ತು.
ತಿಂದದ್ದರಿಂದ ಅಲ್ಲ. ಮಾತ್ರೆ ದಿನಕ್ಕೊಂದು,
ಸಾಲದಿದ್ದರೆ ನಾನು ಹೆಚ್ಚಿಸುತ್ತೇನೆ.
ತುರಿಸದ ದಿನವೂ ನುಂಗು.
ಲಾಡಿ ಅಗಲ ಮಾಡಿಕೊ.

ಹೊರಗೆ ಬೆಂಚಿನ ಮೇಲೆ ರಿಪ್ಪನ್‌ಪೇಟೆಯ ಹುಡುಗ, ಮೂರು ವರ್ಷ,
ಮೈಮೇಲೆ ಕಾಫಿ ಸಿಡಿದಂಥ ಕಲೆಗಳು.
ಉಜ್ಜಿದರೆ ಉಜ್ಜಿದ್ದೇ ಉಬ್ಬುತ್ತೆ ಅಕ್ಕ,
ಎಂದಳು ಅವನ ತಾಯಿ ಫಿಲೋಮಿನಾ, ಉಜ್ಜದೆ.
ಅವನಿಗೆ ಡಬ್ಬಿಗಳೇ ಜಾಸ್ತಿಯಂತೆ.
ಕಣಜ ಕಚ್ಚಿ ಒಮ್ಮೆ ಉಸಿರು ಸಿಕ್ಕಿಕೊಂಡು,
ಆ ಹೊತ್ತಿನ ರಕ್ತವೇ ಬೇಕಿತ್ತಂತೆ ಪರೀಕ್ಷೆಗೆ,
ಬಸ್ಸು ಬರುವಷ್ಟರಲ್ಲಿ ಹೊತ್ತು ಮೀರಿತ್ತು.
ಈಗ ಇಂಜೆಕ್ಷನ್ನು ಅವಳ ಹತ್ತಿರವೇ,
ಪ್ಲಾಸ್ಟಿಕ್ ಕವರಿನಲ್ಲಿ.
ಕವರಿಗೆ ಎರಡು ಗಂಟು.

ಊರಿಗೆ ಬಂದು ಹೊಲಿದೆ: ಕೆಂಪು ಡ್ರಿಲ್ಲು, ಹತ್ತಿಯ ಅಸ್ತರು,
ಸೊಂಟಕ್ಕೆ ಕಟ್ಟುವ ಚೀಲ.
ಗುಂಡಿಯಿಲ್ಲ. ಗಂಟಿಲ್ಲ.
ನಡುಗುವ ಕೈಗೂ ಒಂದೇ ಎಳೆತಕ್ಕೆ ಬಿಚ್ಚಬೇಕು.
ಕಣ್ಣು ಮುಚ್ಚಿ ಹತ್ತು ಸಲ ಬಿಚ್ಚಿ ನೋಡಿ
ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟೆ.

ಆಮೇಲೆ ಬದನೆ ಸೀಳಿದೆ. ಎಣ್ಣೆಗಾಯಿ.
ಅತ್ತೆ ಬಾಗಿಲಲ್ಲಿ ನಿಂತಿದ್ದರು.
ಉಣ್ಣುತ್ತಿದ್ದಂತೆ ಭುಜದ ಮೇಲೊಂದು ಎದ್ದಿತು,
ಸಣ್ಣದು, ಶರ್ಟಿನ ಗುಂಡಿಯಷ್ಟು.
ನೋಡು, ಎಂದರು ಅತ್ತೆ.
ನೋಡಿದೆ.
ತಟ್ಟೆಯಲ್ಲಿ ಇನ್ನೂ ಒಂದು ಬದನೆಯಿತ್ತು.
ತಿಂದೆ.